ಖಾಲಾ ಗೊತ್ತುಮಾಡಿದ ಬ್ರೌಸರ್

ಖಾಲಾ ಮೌಸ್ ಹಿಡಿಯುತ್ತಿದ್ದದ್ದು ಕಾದ ಹೆಂಚಿನ ಮೇಲಿನ ರೊಟ್ಟಿ ಮಗುಚುವ ಹಾಗೆ. ಮೂರು ಬೆರಳಿನ ತುದಿ ಮಾತ್ರ, ಮುಟ್ಟಿದ ತಕ್ಷಣ ಕೈ ಹಿಂದಕ್ಕೆ. ಉಗುರಿಗೆ ಸದಾ ಮೆಹಂದಿ ಇರುತ್ತಿತ್ತು. ಹಚ್ಚಿದ ಹೊಸತರಲ್ಲಿ ಇಟ್ಟಿಗೆಯ ಬಣ್ಣ, ಉಗುರು ಬೆಳೆದಂತೆ ಬಣ್ಣ ತುದಿಗೆ ಸರಿದು ಕೊನೆಗೊಂದು ಕೆಂಪು ಅಂಚು. ಮೌಸ್ ಮುಟ್ಟುವ ಮುಂಚೆ ಆ ಬೆರಳುಗಳನ್ನು ದುಪಟ್ಟಾದ ತುದಿಗೆ ಒರೆಸಿಕೊಳ್ಳುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದೆ. “ಎಷ್ಟು ಮನೆ ಹೆಣ್ಮಕ್ಕಳ ಮುಖ ಇದೆ ಇದರೊಳಗೆ. ಈರುಳ್ಳಿ ಹೆಚ್ಚಿದ ಕೈಯಲ್ಲಿ ಮುಟ್ಲಾ?” ಅಂದರು.

ಮದುವೆಯ ಸಂಬಂಧ ಕೂಡಿಸುವುದು ಅವರ ಕಸುಬು. ಆರ್.ಟಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ಮೇಲಿನ ಮನೆಯಲ್ಲಿ ಅವರಿದ್ದರು, ಕೆಳಗಿನ ಮನೆಗೆ ಬಾಡಿಗೆಗೆ ಬಂದವರು ನಾವು. ನ್ಯಾಯವಾಗಿ ನಾನು ಅವರನ್ನು ಓನರಮ್ಮ ಅನ್ನಬೇಕಿತ್ತು. ಆದರೆ ತರಕಾರಿ ಗಾಡಿಯವನಿಂದ ಹಿಡಿದು ಎದುರು ಮನೆಯ ಪುರೋಹಿತರ ಹೆಂಡತಿಯವರೆಗೆ ರಸ್ತೆಯೆಲ್ಲ ಅವರನ್ನು ‘ಖಾಲಾ’ ಎಂದೇ, ಅಂದರೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದುದರಿಂದ ನಾನೂ ಆ ಸಂಸಾರಕ್ಕೆ ಸೇರಿಕೊಂಡೆ. ಮನೆಯೊಳಗೆ ಸೊಸೆಯ ಜತೆ ದಖನಿ ಉರ್ದು, ಕಿಟಕಿಯಿಂದ ಆಚೆ ಎಲ್ಲರ ಜತೆ ಕನ್ನಡ. ಥಣಿಸಂದ್ರದ ಮೆಕ್ಯಾನಿಕ್ಕು, ಯಲಹಂಕದ ಮೇಷ್ಟ್ರು, ಶಿವಾಜಿನಗರದ ಜವಳಿ ವ್ಯಾಪಾರಿ, ನಾಗವಾರದ ಟೆಕ್‌ಪಾರ್ಕಿನ ಇಂಜಿನಿಯರು, ಎಲ್ಲರ ತಾಯಂದಿರೂ ಅವರ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಇಳಿಯುವಾಗಿನ ಚಪ್ಪಲಿಯ ಸದ್ದಿನಲ್ಲೇ ನನಗೆ ಮಾತುಕತೆ ಕೂಡಿತೋ ಮುರಿಯಿತೋ ತಿಳಿಯುವಂತಾಗಿತ್ತು.

ನನ್ನ ವಿಷಯವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಒಂದು ವಿಮಾ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವವಳು. ಯಾರದೋ ಮನೆ ಹೇಗೆ ಸುಟ್ಟಿತು, ಯಾರದೋ ಕಾರು ಅಂಡರ್‌ಪಾಸಿನಲ್ಲಿ ಹೇಗೆ ಮುಳುಗಿತು ಎಂದು ಬೆಳಗಿನಿಂದ ಸಂಜೆಯವರೆಗೆ ಓದುವುದೇ ನನ್ನ ಅನ್ನ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತರೆ ಉಳಿದವರು ಟ್ರಾಫಿಕ್ಕಿಗೆ ಬೈಯುತ್ತಾರೆ, ನಾನು ಕಂಬದಲ್ಲಿ ಬಿರುಕು ಹುಡುಕುತ್ತೇನೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ರಸ್ತೆಯ ತಿರುವಿನಿಂದ ವಾಪಸು ಬರುವುದೇ ನನ್ನ ಬೆಳಗಿನ ವ್ಯಾಯಾಮ. ಖಾಲಾ ಮಹಡಿಯ ಕಟಾಂಜನಕ್ಕೆ ಒರಗಿ ನಿಂತು ಕೇಳುತ್ತಿದ್ದರು: “ಏನ್ ಬೇಟಿ, ಇವತ್ತು ಗ್ಯಾಸಾ, ಬೀಗಾನಾ?”

“ಇಸ್ತ್ರಿಪೆಟ್ಟಿಗೆ ಖಾಲಾ.”

“ಮಾಶಾ ಅಲ್ಲಾಹ್, ಹೊಸ ಐಟಂ.”

ಆದರೆ ಅವರಿಗೂ ಒಂದು ಹೆದರಿಕೆ ಇತ್ತು. ಒಂದೇ. ಅದನ್ನು ಅವರು ಹೆದರಿಕೆ ಅನ್ನುತ್ತಿರಲಿಲ್ಲ, ಕಾನೂನು ಅನ್ನುತ್ತಿದ್ದರು. ಹುಡುಗಿಯ ಫೋಟೋ ಅವರ ಕೋಣೆಯಿಂದ ಹೊರಗೆ ಹೋಗಕೂಡದು. ನೋಡಬೇಕಾದವರು ಬರಬೇಕು. ಹುಡುಗನ ತಾಯಿ, ಬೇಕಿದ್ದರೆ ಒಬ್ಬ ಅಕ್ಕ. ಹುಡುಗಿಯ ತಾಯಿ ಪಕ್ಕದ ಕುರ್ಚಿಯಲ್ಲಿ ಕೂತೇ ಇರಬೇಕು. ಫೋಟೋ ತೆರೆದು, ಚಹಾ ಆರುವಷ್ಟು ಹೊತ್ತು ತೋರಿಸಿ, ಮುಚ್ಚಿಬಿಡುವುದು. ಗಂಡಸರಿಗಂತೂ ಆ ಕೋಣೆಯ ಬಾಗಿಲೇ ಇರಲಿಲ್ಲ. “ಫೋನಿಗೆ ಒಂದು ಕಳಿಸಿಬಿಡಿ ಖಾಲಾ, ಹುಡುಗ ದುಬೈನಲ್ಲಿದಾನೆ” ಅಂದವರಿಗೆ ಒಂದೇ ಉತ್ತರ: “ಫೋನಿಗೆ ಹೋದ ಹುಡುಗಿ ತವರಿಗೆ ವಾಪಸ್ ಬರಲ್ಲಮ್ಮ. ಅವನು ರಜಕ್ಕೆ ಬರಲಿ.”

ಮೊದಲು ಫೋಟೋಗಳೆಲ್ಲ ಕಾಗದದವು, ಆಲ್ಬಮ್ಮಿನಲ್ಲಿ ಇರುತ್ತಿದ್ದವು. ಆಮೇಲೆ ಕಾಗದದ ಫೋಟೋ ತೆಗೆಸುವವರೇ ಇಲ್ಲವಾದರು. ಅವರ ಅಕ್ಕನ ಮಗನೊಬ್ಬ ತನ್ನ ಆಫೀಸಿನಲ್ಲಿ ತೆಗೆದುಹಾಕಿದ್ದ ಕಂಪ್ಯೂಟರನ್ನು ತಂದು ಕೂರಿಸಿ, ಫೋಟೋಗಳನ್ನೆಲ್ಲ ಇಂಟರ್ನೆಟ್ಟಿನ ಒಂದು ಖಾತೆಗೆ ಏರಿಸಿ, ಪಾಸ್‌ವರ್ಡ್ ಕೇಳಿ ಖಾಲಾಗೆ ತೊಂದರೆ ಕೊಡದಿರಲಿ ಎಂದು ಅದನ್ನು ಬ್ರೌಸರಿಗೇ ನೆನಪಿಟ್ಟುಕೊಳ್ಳಲು ಹೇಳಿ ಹೋಗಿದ್ದ. ಗುಂಡಿ ಒತ್ತಿದರೆ ಮುಖಗಳು ಬರುತ್ತಿದ್ದವು. ಅವು ಇರುವುದು ಬೇರೆಲ್ಲೋ, ಬ್ರೌಸರು ಅಲ್ಲಿಗೆ ಹೋಗುವ ಬಾಗಿಲು ಮಾತ್ರ ಎಂಬುದನ್ನು ಅವನು ಹೇಳಿರಲಿಲ್ಲ, ಅಥವಾ ಹೇಳಿದ್ದು ಇವರ ಕಿವಿಗೆ ಬಿದ್ದಿರಲಿಲ್ಲ. ಖಾಲಾ ಪಾಲಿಗೆ ಮುಖಗಳಿದ್ದದ್ದು ಆ ಗಾಜಿನ ಪರದೆಯೊಳಗೆ. ಹಾಗಾಗಿ ಊರಿಗೆ ಹೋಗುವಾಗ ಪರದೆಯ ವೈರು ಬಿಚ್ಚಿ, ಕಸೂತಿ ಬಟ್ಟೆ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಸೊಸೆ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಬೀಗ ಹಾಕುವವರನ್ನು ಕಂಡರೆ ನನಗೆ ಗೌರವ.

ಒಂದು ಭಾನುವಾರ ಬೆಳಿಗ್ಗೆ ಪೇಪರಿನ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು. ಬ್ರೌಸರುಗಳಲ್ಲಿ ಒಂದು ದೋಷ ಪತ್ತೆಯಾಗಿದೆ. ಕೆಟ್ಟ ಉದ್ದೇಶದಿಂದ ಮಾಡಿದ ಒಂದು ಪುಟವನ್ನು ಸುಮ್ಮನೆ ತೆರೆದರೂ ಸಾಕು, ಆ ಕಂಡಿಯಿಂದ ಒಳಗೆ ಬಂದವನು ಉಳಿಸಿಟ್ಟ ಪಾಸ್‌ವರ್ಡುಗಳನ್ನು ಒಯ್ಯಬಹುದು. ಎಲ್ಲರೂ ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ. ಇಂಥ ಸುದ್ದಿಯನ್ನು ಬೇರೆಯವರು ರಾಶಿಫಲಕ್ಕೆ ಹೋಗುವ ದಾರಿಯಲ್ಲಿ ದಾಟುತ್ತಾರೆ. ನಾನು ಕಾಫಿ ಅಲ್ಲೇ ಬಿಟ್ಟು ಮನೆಯಲ್ಲಿರುವ ಲ್ಯಾಪ್‌ಟಾಪು, ಎರಡು ಫೋನು ಎಲ್ಲಕ್ಕೂ ಅಪ್‌ಡೇಟ್ ಹಾಕಿ ಕೂತೆ. ನನ್ನ ಗಂಡ ಕನ್ನಡಕದ ಮೇಲಿಂದ ನೋಡಿ, “ಮಾಡ್ಕೊಳ್ಳಿ ಅಂದಿದಾರೆ, ಬಾಯ್ ಬಡ್ಕೊಳ್ಳಿ ಅಂದಿಲ್ಲ” ಅಂದರು. ಅವರಿಗೆ ಉತ್ತರ ಕೊಡಲು ಬಾಯಿ ತೆರೆದಾಗ ನನಗೆ ಮೇಲಿನ ಮನೆಯ ಕಂಪ್ಯೂಟರು ನೆನಪಾಯಿತು. ಬಾಯಿ ಹಾಗೇ ಉಳಿಯಿತು.

ಖಾಲಾ ಅಕ್ಕಿ ಆರಿಸುತ್ತಿದ್ದರು. ನಾನು ಏದುಸಿರಿನಲ್ಲೇ ವಿಷಯ ಹೇಳಿ ಕಂಪ್ಯೂಟರ್ ಹಾಕಿಸಿದೆ. ಬ್ರೌಸರ್ ತೆರೆದದ್ದೇ ಮೇಲುಗಡೆ ಒಂದು ಹಳದಿ ಪಟ್ಟಿ ಬಂತು. ಖಾಲಾ ಮೂರು ಬೆರಳಿನ ತುದಿಯಿಂದ ಚಕ್ಕನೆ ಅದರ ಕೊನೆಯಲ್ಲಿದ್ದ ಇಂಟು ಗುರುತನ್ನು ಒತ್ತಿ ಅದನ್ನು ಮಾಯ ಮಾಡಿದರು.

“ಅದೇನು ಖಾಲಾ?”

“ಯಾವುದು? ಆ ಹಳದೀದಾ? ದಿನಾ ಬರ್ತದೆ. ಏನೋ ಮಾರೋಕೆ ಬಂದಿರೋನು ಅಂತ ಬಾಗಿಲು ಹಾಕ್ತೀನಿ.”

ಮತ್ತೆ ತೆರೆಸಿ ಓದಿದೆ. ಈ ಬ್ರೌಸರಿಗೆ ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟುಗಳು ಬರುವುದಿಲ್ಲ ಎಂದಿತ್ತು. ಯಾವತ್ತಿನಿಂದ ಬರುತ್ತಿದೆ ಎಂದು ಕೇಳಿದೆ. ಖಾಲಾ ಸೊಸೆಯನ್ನು ಕೂಗಿದರು. ಸೊಸೆ ಒಳಗಿನಿಂದಲೇ, “ಛೋಟೂ ಹುಟ್ಟೋಕೂ ಮುಂಚೆಯಿಂದ” ಅಂದಳು. ಅವಳ ಮಗ ಛೋಟೂ ಆಗ ಎಲ್‌ಕೆಜಿಯಲ್ಲಿದ್ದ.

ನಾನು ಬೆರಳು ಮಡಿಚಿ ವರ್ಷಗಳನ್ನು ಎಣಿಸಿದೆ. ಖಾಲಾ ನನ್ನ ಮುಖವನ್ನೇ ನೋಡುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ಮುಖಕ್ಕೂ ಈ ಮುಖಕ್ಕೂ ಇದ್ದ ವ್ಯತ್ಯಾಸ ಅವರಿಗೆ ತಿಳಿಯಿತು ಅಂತ ಕಾಣುತ್ತದೆ, ಮಡಿಲಲ್ಲಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟರು.

“ಸರಿಯಾಗಿ ಹೇಳು. ಯಾರಾದ್ರೂ ಬಂದಿದಾರಾ ಒಳಗೆ?”

“ಗೊತ್ತಾಗಲ್ಲ ಖಾಲಾ.”

“ಯಾಕೆ ಗೊತ್ತಾಗಲ್ಲ? ಕಳ್ಳ ಬಂದು ಹೋದ್ರೆ ಏನಾದ್ರೂ ಹೋಗಿರ್ತದಲ್ಲ ಮನೆಯಿಂದ.”

“ಇದರಲ್ಲಿ ಏನೂ ಹೋಗಿರಲ್ಲ. ಎಲ್ಲಾ ಇದ್ದ ಹಾಗೇ ಇರುತ್ತೆ. ಅವನ ಹತ್ರಾನೂ ಇರುತ್ತೆ, ಅಷ್ಟೇ.”

ಖಾಲಾ ಕುರ್ಚಿಯಿಂದ ಎದ್ದು, ಬಗ್ಗಿ, ಇಂಟರ್ನೆಟ್ಟಿನ ವೈರನ್ನು ಗೋಡೆಯಿಂದ ಎಳೆದರು. ಎಳೆದದ್ದನ್ನು ಸುತ್ತಿ ನನ್ನ ಕೈಗೆ ಕೊಟ್ಟು, “ಇದನ್ನ ನಿಮ್ಮನೇಲಿ ಇಟ್ಕೋ” ಅಂದರು. ವೈರಿನಲ್ಲೇನಿದೆ ಖಾಲಾ ಅನ್ನಲು ನನಗೆ ಧೈರ್ಯ ಬರಲಿಲ್ಲ. ನನ್ನ ಲ್ಯಾಪ್‌ಟಾಪನ್ನು ಮೇಲೆ ತಂದು ಆ ಖಾತೆಯ ಪಾಸ್‌ವರ್ಡ್ ಬದಲಾಯಿಸಿದೆವು. ಯಾರು ಯಾವಾಗ ಒಳಗೆ ಬಂದಿದ್ದರು ಎಂದು ತೋರಿಸುವ ಒಂದು ಪುಟವೂ ಅಲ್ಲಿ ಸಿಕ್ಕಿತು. ಖಾಲಾ ಬಿಟ್ಟು ಬೇರೆ ಯಾರ ಸುಳಿವೂ ಇರಲಿಲ್ಲ, ಆದರೆ ಆ ಪುಟದ ನೆನಪು ಹೋದ ತಿಂಗಳಿನಿಂದ ಹಿಂದಕ್ಕೆ ಹೋಗುತ್ತಿರಲಿಲ್ಲ. ಅದಕ್ಕೂ ಹಿಂದಿನದು ಕತ್ತಲೆ.

ಅವರು ಅಷ್ಟು ಬೆಚ್ಚಿದ್ದಕ್ಕೆ ಕಾರಣ ಇತ್ತು. ಗೊರಗುಂಟೆಪಾಳ್ಯದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ತಾಯಿ ತನ್ನ ಮಗಳ ಫೋಟೋ ಕೊಟ್ಟು ಹೋಗಿದ್ದರು. ಆ ಹುಡುಗಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳಿಗೆ ಹಿಂದೆ ಬೇರೆ ಯಾರೋ ನೋಡಿದ್ದ ಸಂಬಂಧವೊಂದು ನಿಶ್ಚಿತಾರ್ಥದವರೆಗೆ ಬಂದು ಮುರಿದಿತ್ತು. ಮುರಿದದ್ದು ಸಾಲದೆಂದು ಅವಳ ಫೋಟೋ ಆ ಹುಡುಗನ ಗೆಳೆಯರ ಫೋನುಗಳಲ್ಲಿ ಸುತ್ತಿ, ಬಣ್ಣ ಬಣ್ಣದ ಮಾತು ಅಂಟಿಸಿಕೊಂಡು, ಕೊನೆಗೆ ಅವಳು ದಿನಾ ನಿಲ್ಲುವ ಬಸ್‌ಸ್ಟಾಪಿಗೆ ಬಂದು ಮುಟ್ಟಿತ್ತು. ಹುಡುಗಿ ಮೂರು ಸ್ಟಾಪು ಆಚೆ ನಡೆದು ಬಸ್ಸು ಹತ್ತತೊಡಗಿದಳು. ಖಾಲಾ ಅವರ ಕಾನೂನಿನ ವಿಷಯ ಕೇಳಿಯೇ ಆ ತಾಯಿ ಇಲ್ಲಿಗೆ ಬಂದದ್ದು. ಖಾಲಾ ಅವರ ಕೈ ಹಿಡಿದು, “ನಿನ್ನ ಮಗಳ ಮುಖ ಈ ರೂಮಿನ ಹೊಸಿಲು ದಾಟಲ್ಲ” ಎಂದು ಮಾತು ಕೊಟ್ಟಿದ್ದರು. ಈಗ ಅಮೃತಹಳ್ಳಿಯ ಒಂದು ಮನೆಯವರು ಬಂದು ಫೋಟೋ ನೋಡಿ ಒಪ್ಪಿ, ಮಾತು ಮುಂದುವರಿಸುವ ಹಂತದಲ್ಲಿದ್ದರು.

“ಆ ತಾಯಿಗೆ ಏನು ಹೇಳಲಿ?” ಅಂದರು ಖಾಲಾ.

ನಾನು ನನ್ನ ವೃತ್ತಿಯ ಬುದ್ಧಿ ಹೇಳಿದೆ. ಹಾನಿ ಆಗಿದೆ ಎಂದು ಸಾಬೀತಾಗದೆ ನಾವು ಆಫೀಸಿನಲ್ಲಿ ಒಂದು ಅಕ್ಷರ ಬರೆಯುವುದಿಲ್ಲ; ಏನೂ ಆಗಿಲ್ಲದೇ ಇರಬಹುದು; ಸುಮ್ಮನೆ ಬೇರೆ ಬ್ರೌಸರ್ ಹಾಕಿಸಿಕೊಂಡುಬಿಡಿ. ಖಾಲಾ ತಲೆಯಾಡಿಸಿದರು. “ಅವಳಿಗೆ ಹೇಳೋದೋ ಬಿಡೋದೋ ಆಮೇಲೆ ನೋಡೋಣ. ಮೊದಲು ಬೇರೆ ಬಾಗಿಲು ಹುಡುಕು.”

ಹುಡುಕಿದೆ. ಹೆದರುವವರಿಗೆ ಆಯ್ಕೆ ಕೊಡಬಾರದು. ಎರಡು ಸಂಜೆ ಓದಿದ ಮೇಲೆ ನನಗೆ ಯಾವ ಬ್ರೌಸರೂ ಬೇಡವಾಯಿತು. ಒಂದು ನಮ್ಮ ಪ್ರತಿ ಹೆಜ್ಜೆಯನ್ನೂ ಲೆಕ್ಕ ಇಡುತ್ತದಂತೆ, ಇನ್ನೊಂದು ಲೆಕ್ಕ ಇಡುವುದಿಲ್ಲ ಅನ್ನುತ್ತದೆ ಆದರೆ ಅದರ ಯಜಮಾನರು ಯಾರೆಂದು ತಿಳಿಯುವುದಿಲ್ಲ, ಮತ್ತೊಂದರಲ್ಲಿ ಬ್ಯಾಂಕಿನ ಪುಟ ತೆರೆಯುವುದಿಲ್ಲ. ನಾನೇ ನನ್ನ ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಹಾಕಿ, ತೆಗೆದು, ಆ ಗಡಿಬಿಡಿಯಲ್ಲಿ ನನ್ನ ಮೇಲ್ ಖಾತೆಗೆ ನಾನೇ ಹೋಗಲಾಗದೆ, ನೀವು ನಿಜವಾಗಿಯೂ ನೀವೇನಾ ಎಂದು ಅದು ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಹೊರಗೆ ನಿಂತೆ. ಬಾಲ್ಯದ ಗೆಳತಿಯ ಹೆಸರು ಕೇಳಿತ್ತು. ಖಾತೆ ತೆರೆದ ದಿನ ಎಂಥ ಹೆದರಿಕೆಯಲ್ಲಿ ಆ ಉತ್ತರ ಕೊಟ್ಟಿದ್ದೆನೋ, ಯಾರ ಹೆಸರಿಗೂ ಅದು ಒಪ್ಪಲಿಲ್ಲ.

ಖಾಲಾ ನನ್ನ ದಾರಿ ಹಿಡಿಯಲಿಲ್ಲ. ತಮಗೆ ಗೊತ್ತಿದ್ದ ದಾರಿ ಹಿಡಿದರು. ಅವರ ಕಸುಬಿನಲ್ಲಿ ಹುಡುಗನ ವಿಷಯವನ್ನು ಹುಡುಗನ ಮನೆಯವರ ಹತ್ತಿರ ಕೇಳುವುದಿಲ್ಲ. ಪಕ್ಕದ ಮನೆಯಲ್ಲಿ, ಇಸ್ತ್ರಿಯವನಲ್ಲಿ, ಹಳೇ ಬಾಡಿಗೆದಾರರಲ್ಲಿ ವಿಚಾರಿಸುತ್ತಾರೆ. ಹಾಗೆಯೇ ಈಗ ಅವರು ತಮ್ಮ ‘ಅಳಿಯಂದಿರಿಗೆ’ ಫೋನು ಹಚ್ಚಿದರು. ಅಳಿಯಂದಿರು ಅಂದರೆ ಅವರು ಮದುವೆ ಮಾಡಿಸಿದ ಹುಡುಗರು. ಕಂಪ್ಯೂಟರ್ ಕೆಲಸದಲ್ಲಿದ್ದವರು ಅವರಲ್ಲಿ ಬೇಕಾದಷ್ಟು ಜನ. ಖಾಲಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದೆ.

“ಈ ಬ್ರೌಸರುಗಳನ್ನ ಪುಕ್ಕಟೆ ಕೊಡ್ತಾರಲ್ಲ, ಇವರ ಮನೆ ಖರ್ಚು ಹೇಗೆ ನಡೀತದೆ?” ಇದು ಅವರ ಮೊದಲ ಪ್ರಶ್ನೆ. ವರದಕ್ಷಿಣೆಯೇ ಬೇಡ ಅನ್ನುವ ಮನೆಯವರನ್ನು ಕಂಡರೂ ಅವರು ಇದನ್ನೇ ಕೇಳುತ್ತಿದ್ದರು. ಒಬ್ಬ ಅಳಿಯ ನಕ್ಕು, “ಜಾಹೀರಾತು ಖಾಲಾ. ನಾವು ನೋಡಿದ್ದನ್ನ ಅವರು ನೋಡ್ತಾರೆ” ಅಂದ. ಖಾಲಾ ಮುಖ ಹಿಂಡಿದರು. ಇನ್ನೊಬ್ಬ ಬಹಳ ಹೆಸರುಗಳನ್ನು ಹೇಳಿ, ಕೊನೆಗೆ, “ಹೊರಗಡೆ ಬೇರೆ ಬೇರೆ ಕಾಣ್ತವೆ ಅಷ್ಟೇ, ಇವುಗಳಲ್ಲಿ ಬಹಳಷ್ಟಕ್ಕೆ ಒಳಗಡೆ ಇಂಜಿನ್ ಒಂದೇ” ಅಂದ.

“ಅಂದ್ರೆ ಎಲ್ಲಾ ಒಂದೇ ಖಾಂದಾನಾ?”

“ಹೂಂ ಖಾಲಾ, ಕಸಿನ್ಸು.”

“ಹಂಗಾದ್ರೆ ಒಬ್ಬರಿಗೆ ಬಂದ ಕಾಯಿಲೆ ಎಲ್ಲರಿಗೂ ಬರ್ತದಲ್ಲೋ. ನಂಗೆ ಹೊರಗಿನ ಮನೆತನ ಬೇಕು.”

ಮೂರನೆಯ ಅಳಿಯ, ಯಲಹಂಕದ ಹತ್ತಿರ ಅಟ್ಟೂರಿನಲ್ಲಿ ಮನೆ ಮಾಡಿದ್ದವನು, ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ ಎಂದು ಹೆಂಡತಿಯ ಜತೆ ಬಂದ. ಕೋಣೆಗೆ ಗಂಡಸರಿಗೆ ಪ್ರವೇಶವಿಲ್ಲವಾದ್ದರಿಂದ ಕಂಪ್ಯೂಟರನ್ನೇ ನಡುಮನೆಗೆ ಹೊತ್ತು ತಂದೆವು, ಇಂಟರ್ನೆಟ್ಟಿನ ವೈರನ್ನು ನಾನು ಕೆಳಗಿನಿಂದ ವಾಪಸು ತಂದೆ. ಅವನು ಆ ಖಾಂದಾನಿಗೆ ಸೇರದ ಎರಡು ಬ್ರೌಸರುಗಳನ್ನು ಮುಂದಿಟ್ಟ. ಒಂದರ ಪುಟದ ಮೇಲೆ ದೊಡ್ಡದಾಗಿ ಸಂಪೂರ್ಣ ಸುರಕ್ಷಿತ, ನಿಶ್ಚಿಂತೆಯಿಂದಿರಿ ಎಂದಿತ್ತು. ನನಗೆ ಅದೇ ಬೇಕಾಯಿತು. ನಿಶ್ಚಿಂತೆ ಎಂಬ ಪದವನ್ನು ನಾನು ಅಷ್ಟು ದೊಡ್ಡ ಅಕ್ಷರದಲ್ಲಿ ಎಂದೂ ಕಂಡಿರಲಿಲ್ಲ. ಇನ್ನೊಂದರ ಪುಟದಲ್ಲಿ ಒಂದು ಉದ್ದದ ಪಟ್ಟಿ ಇತ್ತು, ಕೆಳಗೆ ಎಳೆದಷ್ಟೂ ಮುಗಿಯದು.

“ಇದೇನಪ್ಪ ಹನುಮಂತನ ಬಾಲ?” ಅಂದೆ.

“ಇದುವರೆಗೆ ಸಿಕ್ಕಿರೋ ತಪ್ಪುಗಳು ಆಂಟಿ. ಸರಿ ಮಾಡಿದ್ದು.”

ನಾನು ಹಿಂದಕ್ಕೆ ಸರಿದೆ. ಇಷ್ಟೊಂದು ತೂತಿರುವುದನ್ನು ಯಾರಾದರೂ ಮನೆಗೆ ತರುತ್ತಾರೆಯೇ. ಖಾಲಾ ಮುಂದಕ್ಕೆ ಸರಿದರು. ಕನ್ನಡಕ ಏರಿಸಿಕೊಂಡು ಆ ಪಟ್ಟಿಯನ್ನು, ಇಂಗ್ಲಿಷ್ ಓದಲು ಬರದಿದ್ದರೂ, ಮೇಲಿನಿಂದ ಕೆಳಗೆ ನೋಡಿದರು.

“ಇದನ್ನ ಬರೆದೋರು ಯಾರು? ಇವರ ದುಶ್ಮನರಾ?”

“ಅವರೇ ಬರ್ಕೊಂಡಿರೋದು ಖಾಲಾ. ಬೇರೆಯವರು ತಪ್ಪು ಹುಡುಕಿ ಕೊಟ್ರೆ ಅವರಿಗೆ ಬಹುಮಾನ ಬೇರೆ ಕೊಡ್ತಾರೆ.”

“ತಮ್ಮ ಮನೆ ತಪ್ಪು ತಾವೇ ಬಾಗಿಲ ಮೇಲೆ ಅಂಟಿಸ್ಕೊಂಡಿದಾರಾ?”

“ಹೂಂ.”

“ಸಿಕ್ಕಿದ ಮೇಲೆ ಸರಿ ಮಾಡೋಕೆ ಎಷ್ಟು ಹೊತ್ತು?”

“ದೊಡ್ಡದಾದ್ರೆ ಬೇಗ. ದಿನಗಳ ಲೆಕ್ಕ.”

ಖಾಲಾ ಕನ್ನಡಕ ತೆಗೆದು ಹೇಳಿದ್ದು ನನಗೆ ಹಾಗೇ ನೆನಪಿದೆ. “ನನ್ನ ಹತ್ರ ಬರ್ತಾರೆ, ನಮ್ಮ ಹುಡುಗನಿಗೆ ಬೀಡಿ ಇಲ್ಲ, ಸಿಟ್ಟಿಲ್ಲ, ಕೆಟ್ಟ ಸಹವಾಸ ಇಲ್ಲ, ಏನೂ ಇಲ್ಲ ಅಂತಾರೆ. ಅಂಥ ಮನೆಗೆ ನಾನು ಒಂದು ಹುಡುಗೀನೂ ಕೊಟ್ಟಿಲ್ಲ. ಸಿಟ್ಟು ಸ್ವಲ್ಪ ಜಾಸ್ತಿ ಖಾಲಾ, ಬೈದ್ರೆ ಕೇಳ್ತಾನೆ ಅಂದ್ರಲ್ಲ, ಆ ತಾಯಿ ಮನೇಲಿ ಇವತ್ತು ಹುಡುಗಿ ಚೆನ್ನಾಗಿದಾಳೆ.” ಆಮೇಲೆ ಅಳಿಯನ ಕಡೆ ತಿರುಗಿ, “ನಾಳೆ ಇದು ಬೇಡ ಅಂದ್ರೆ ನನ್ನ ಸಾಮಾನು ತಗೊಂಡು ಹೊರಡಬಹುದಾ, ಇಲ್ಲಾ ಹಿಡ್ಕೊಂಡುಬಿಡ್ತದಾ?” ಎಂದು ಕೇಳಿದರು. ಹೊರಡಬಹುದು, ಉಳಿಸಿಟ್ಟದ್ದನ್ನೆಲ್ಲ ತೆಗೆದುಕೊಂಡೇ ಹೊರಡಬಹುದು ಅಂದ. “ಹಾಕಪ್ಪ” ಅಂದರು.

ಅವನು ಆ ಪಟ್ಟಿಯ ಬ್ರೌಸರನ್ನೇ ಹಾಕಿ, ಅದಕ್ಕೆ ಬೇಕಾದ ಹಾಗೆ ಆ ಹಳೇ ಯಂತ್ರವನ್ನೂ ಸುಧಾರಿಸಿ, ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸುವುದನ್ನು ನಿಲ್ಲಿಸಿ, ಸೊಸೆಗೆ ಅಪ್‌ಡೇಟಿನ ಬಗ್ಗೆ ಹೇಳಿಕೊಟ್ಟು ಹೋದ. ನನಗೆ ಅಂದು ಅರ್ಧ ನಿದ್ದೆ ವಾಪಸು ಬಂತು. ಇನ್ನು ಮುಗಿಯಿತು ಎಂದುಕೊಂಡೆ.

ಮಾರನೆಯ ದಿನ ಖಾಲಾ ನನ್ನನ್ನು ಕರೆದು, “ಆ ಗೊರಗುಂಟೆಪಾಳ್ಯದವಳಿಗೆ ಬರೋಕೆ ಹೇಳಿದೀನಿ. ನೀನೂ ಕೂತ್ಕೋ. ಇಂಟರ್ನೆಟ್ ವಿಷಯ ಏನಾದ್ರೂ ಕೇಳಿದ್ರೆ ನಂಗೆ ಹೇಳೋಕೆ ಬರಲ್ಲ” ಅಂದರು.

“ಹೇಳಲೇಬೇಕಾ ಖಾಲಾ? ಈಗ ಎಲ್ಲಾ ಸರಿ ಹೋಗಿದೆಯಲ್ಲ. ಅವರು ಫೋಟೋ ವಾಪಸ್ ತಗೊಂಡ್ರೆ ಅಮೃತಹಳ್ಳಿ ಸಂಬಂಧಾನೂ ಹೋಯ್ತು. ಸುದ್ದಿ ಹಬ್ಬಿದ್ರೆ ಉಳಿದವರೂ...”

“ತಮ್ಮ ತಪ್ಪು ತಾವೇ ಬರ್ಕೊಂಡಿದ್ರಲ್ಲ, ಆ ಪಟ್ಟಿ ನೋಡಿದ್ಯಲ್ಲ ನೀನು” ಅಂದರು ಖಾಲಾ.

ಆ ತಾಯಿ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ನೇರ ಬಂದಿದ್ದರು. ಒಳ್ಳೆಯ ಸುದ್ದಿಗೆ ಕರೆದಿದ್ದಾರೆ ಎಂದುಕೊಂಡು ನಗುತ್ತಲೇ ಕೂತರು. ಆ ನಗುವನ್ನು ನೋಡಲಾಗದೆ ನಾನು ಫ್ಯಾನಿನ ಬೋಲ್ಟು ನೋಡಿದೆ. ಖಾಲಾ ನನಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದರು. ಸುತ್ತಿ ಬಳಸಿ ಹೇಳಲಿಲ್ಲ.

“ಬಾಗಿಲು ಮುಚ್ಚಿದೀನಿ ಅಂತ ನಿಂಗೆ ಮಾತು ಕೊಟ್ಟಿದ್ದೆ. ಮುಚ್ಚಿರಲಿಲ್ಲ. ನಂಗೆ ಗೊತ್ತಿರಲಿಲ್ಲ, ಆದ್ರೆ ಮುಚ್ಚಿರಲಿಲ್ಲ. ಹೋದ ವಾರ ಗೊತ್ತಾಯ್ತು. ಈಗ ಮುಚ್ಚಿದೆ.”

ತಾಯಿಯ ನಗು ಒಮ್ಮೆಲೇ ಹೋಗಲಿಲ್ಲ. ಅರ್ಧದಲ್ಲಿ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದ ಹಾಗಿತ್ತು. “ಅಂದ್ರೆ, ಅವಳ ಫೋಟೋ ಹೋಗಿದೆಯಾ?”

“ಗೊತ್ತಿಲ್ಲ.”

“ಹೋಗಿಲ್ಲ ಅಂತಾನಾ?”

“ಅದೂ ಗೊತ್ತಿಲ್ಲಮ್ಮ.”

ಅವರು ನನ್ನ ಕಡೆ ನೋಡಿದರು. ಓದಿದವಳಂತೆ ಕಾಣುವ ನಾನು ಏನಾದರೂ ಸಮಾಧಾನ ಹೇಳಬಹುದು ಎಂದು. “ಯಾರೂ ಬಂದ ಗುರುತು ಸಿಕ್ಕಿಲ್ಲ. ಆದರೆ ಗುರುತು ಇರೋದು ಹೋದ ತಿಂಗಳಿಂದ ಈಚೆಗೆ ಮಾತ್ರ” ಅಂದೆ. ಅಷ್ಟನ್ನು ಹೇಳಲು ನನಗೆ ನೀರು ಕುಡಿಯಬೇಕಾಯಿತು.

“ಅಳಿಸಿಬಿಡಿ” ಅಂದರು ತಾಯಿ.

ಖಾಲಾ ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಹುಡುಗಿಯ ಫೋಟೋ ತೆರೆದು ಇದೇ ತಾನೇ ಎಂದು ಕೇಳಿ, ಅವರ ಕಣ್ಣೆದುರಿಗೇ ಅಳಿಸಿದರು. ತಾಯಿ ಎದ್ದರು. ಚಹಾ ಮುಟ್ಟಿರಲಿಲ್ಲ. ಮೆಟ್ಟಿಲಿಳಿಯುವ ಅವರ ಚಪ್ಪಲಿಯ ಸದ್ದು ನನಗೆ ಯಾವ ಅರ್ಥವನ್ನೂ ಕೊಡಲಿಲ್ಲ.

ಖಾಲಾ ಆಮೇಲೆ ಉಳಿದ ತಾಯಂದಿರನ್ನೂ ಒಬ್ಬೊಬ್ಬರಾಗಿ ಕರೆಸಿ ಅದನ್ನೇ ಹೇಳಿದರು. ಕೆಲವರಿಗೆ ಅರ್ಥವಾಗಲಿಲ್ಲ, ಆಯ್ತು ಖಾಲಾ ಅಂದರು. ಕೆಲವರು ಫೋಟೋ ಅಳಿಸಿಕೊಂಡು ಹೋದರು. ಶಿವಾಜಿನಗರದ ಒಬ್ಬರು ಮೆಟ್ಟಿಲ ಮೇಲೆ ನಿಂತು ರಸ್ತೆಗೆಲ್ಲ ಕೇಳುವಂತೆ ಬೈದರು; ಖಾಲಾ ಬಾಗಿಲು ಹಾಕದೆ ಪೂರ್ತಿ ಕೇಳಿಸಿಕೊಂಡರು. ಅಮೃತಹಳ್ಳಿಯ ಮನೆಯವರಿಗೆ ಸುದ್ದಿ ಹೇಗೋ ಮುಟ್ಟಿ, ಊರೆಲ್ಲ ನೋಡಿರಬಹುದಾದ ಹುಡುಗಿ ನಮಗೆ ಬೇಡ ಎಂದು ಹೇಳಿ ಕಳಿಸಿದರು. ಅದನ್ನು ಕೇಳಿದ ದಿನ ಖಾಲಾ ಊಟ ಮಾಡಲಿಲ್ಲ ಎಂದು ಸೊಸೆ ಹೇಳಿದಳು. ನಾನೂ ಮಾಡಲಿಲ್ಲ, ಆದರೆ ನಾನು ಊಟ ಬಿಡುವುದಕ್ಕೆ ಯಾರೂ ಅಷ್ಟು ಬೆಲೆ ಕೊಡುವುದಿಲ್ಲ.

ಆ ಮೆಟ್ಟಿಲು ಎಷ್ಟೋ ವಾರ ಸದ್ದಿಲ್ಲದೆ ಇತ್ತು. ಬೆಳಿಗ್ಗೆ ನಾನು ತಿರುವಿನಿಂದ ವಾಪಸು ಬಂದರೂ ಮೇಲಿನಿಂದ ಪ್ರಶ್ನೆ ಬರುತ್ತಿರಲಿಲ್ಲ. ನಾನು ಹಾಳು ಮಾಡಿದೆ, ಆ ಸುದ್ದಿ ಓದದೆ ಇದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು ಎಂದು ನನಗೆ ಅನಿಸುತ್ತಿತ್ತು. ಒಂದು ಸಂಜೆ ಅದನ್ನು ಖಾಲಾಗೆ ಹೇಳಿಯೂಬಿಟ್ಟೆ. ಅವರು ನನ್ನನ್ನು ವಿಚಿತ್ರ ಪ್ರಾಣಿಯನ್ನು ನೋಡುವಂತೆ ನೋಡಿದರು. “ನೀನು ಗ್ಯಾಸ್ ಗ್ಯಾಸ್ ಅಂತ ಓಡ್ತೀಯಲ್ಲ, ಅದರಲ್ಲಿ ಒಂದು ದಿನ ನಿಜವಾಗ್ಲೂ ಗ್ಯಾಸ್ ಆನ್ ಇತ್ತು ಅಂತ ತಿಳ್ಕೋ. ಆಫ್ ಮಾಡಿದ್ದಕ್ಕೆ ಯಾಕೆ ಅಳ್ತೀಯಾ?”

ಆಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರ ಚಪ್ಪಲಿಯ ಸದ್ದು ಕೇಳಿತು. ಗೊರಗುಂಟೆಪಾಳ್ಯದ ತಾಯಿ, ಜತೆಗೆ ಕನ್ನಡಕದ ಒಬ್ಬ ಹುಡುಗಿ. ಖಾಲಾ ನನ್ನನ್ನೂ ಕೂಗಿ ಕರೆದರು.

ತಾಯಿ ಹೇಳಿದರು: “ಆವಾಗ ಇವಳ ಫೋಟೋ ಊರೆಲ್ಲ ಸುತ್ತಿದಾಗ ನಮಗೆ ಒಬ್ಬರೂ ಹೇಳ್ಲಿಲ್ಲ ಖಾಲಾ. ಹುಡುಗನ ಮನೆಯವರಿಗೆ ಗೊತ್ತಿತ್ತು, ಸಂಬಂಧ ತಂದವಳಿಗೂ ಗೊತ್ತಿತ್ತು. ಇವಳಿಗೆ ಬಸ್‌ಸ್ಟಾಪಲ್ಲಿ ಗೊತ್ತಾಯ್ತು. ನೀವು ಕರ್ದು ಹೇಳಿದ್ರಿ. ನಂಗೆ ಸಿಟ್ಟು ಬಂತು, ಇಲ್ಲ ಅನ್ನಲ್ಲ. ಇವಳಿಗೆ ಹೇಳಿದೆ. ಹಾಗೆ ಕರ್ದು ಹೇಳಿದ ಖಾಲಾ ಮನೆಗೇ ಹೋಗೋಣ ಅಂದಳು.”

ಹುಡುಗಿ ಕೋಣೆಯನ್ನೂ ಕಂಪ್ಯೂಟರನ್ನೂ ಒಮ್ಮೆ ನೋಡಿ, “ಫೋಟೋ ಬೇಡ ಖಾಲಾ. ನೋಡೋಕೆ ಯಾರಾದ್ರೂ ಬಂದ್ರೆ ಹೇಳಿ, ನಾನೇ ಬಂದು ಕೂತ್ಕೋತೀನಿ. ನಾನೂ ಅವರನ್ನ ನೋಡ್ಬೇಕಲ್ಲ” ಅಂದಳು.

“ಅರೇ, ಇವಳು ನನ್ನ ಕೆಲಸಾನೇ ಕಿತ್ಕೋತಾಳೆ” ಅಂದರು ಖಾಲಾ. ಅವತ್ತು ಚಹಾ ಯಾರೂ ಉಳಿಸಲಿಲ್ಲ. ಆ ಹುಡುಗಿಯ ಮದುವೆ ಆಮೇಲೆ ಖಾಲಾ ಕಡೆಯಿಂದ ಆಗಲೂ ಇಲ್ಲ. ಲ್ಯಾಬಿನಲ್ಲೇ ಯಾರನ್ನೋ ಮೆಚ್ಚಿ, ಮೊದಲು ಖಾಲಾಗೆ ಬಂದು ಹೇಳಿ, ಹುಡುಗನ ಬಗ್ಗೆ ವಿಚಾರಿಸಿಕೊಡಿ ಅಂದಳು. ಖಾಲಾ ಅವನ ಇಸ್ತ್ರಿಯವನವರೆಗೂ ಹೋಗಿ ವಿಚಾರಿಸಿಕೊಟ್ಟರು. ಬಿಟ್ಟುಹೋದ ತಾಯಂದಿರಲ್ಲಿ ಕೆಲವರು ಮರಳಿದರು, ಹಲವರು ಮರಳಲಿಲ್ಲ. ಮೊದಲಿನಷ್ಟು ಮೆಟ್ಟಿಲ ಸದ್ದು ಮತ್ತೆ ಯಾವತ್ತೂ ಇರಲಿಲ್ಲ.

ಹೋದ ವರ್ಷ ರಂಜಾನ್ ಕಳೆದ ಮೇಲೆ ಖಾಲಾ ತೀರಿಕೊಂಡರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಕೊನೆಯ ದಿನಗಳಲ್ಲಿ ಸೊಸೆಗೆ ಒಂದು ಮಾತು ಹೇಳಿ ಹೋಗಿದ್ದರು: ಫೋಟೋಗಳನ್ನು ಕೆಳಗಿನ ಬೇಟಿ ಅಳಿಸಲಿ, ಆದರೆ ಒಂದನ್ನೂ ತಾಯಿ ಪಕ್ಕದಲ್ಲಿ ಇಲ್ಲದೆ ತೆರೆಯಕೂಡದು. ಒಂದೇ ಸಲಕ್ಕೆ ಖಾತೆಯನ್ನೇ ಅಳಿಸಿಬಿಡಬಹುದು, ಒಂದು ಗುಂಡಿ ಸಾಕು ಎಂದು ನಾನು ಸೊಸೆಗೆ ಹೇಳಿದೆ. “ನಂಗೂ ಗೊತ್ತು. ಅವರಿಗೂ ಗೊತ್ತಿತ್ತು ಆಂಟಿ” ಅಂದಳು.

ಹಾಗಾಗಿ ಭಾನುವಾರಗಳಲ್ಲಿ ತಾಯಂದಿರು ಬಂದರು. ಸೊಸೆ ಫೋನು ಮಾಡಿ ಕರೆಸುತ್ತಿದ್ದಳು. ಅವರು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು, ನಾನು ಫೋಟೋ ತೆರೆಯುತ್ತಿದ್ದೆ, ಇದೇ ತಾನೇ ಎಂದು ಕೇಳುತ್ತಿದ್ದೆ. ಕೆಲವರು ಬೇಗ ಅಳಿಸಿ ಅನ್ನುತ್ತಿದ್ದರು. ಯಲಹಂಕದ ಒಬ್ಬರು, ಮಗಳಿಗೆ ಮದುವೆಯಾಗಿ ಇಬ್ಬರು ಮಕ್ಕಳಾದವರು, ಸ್ವಲ್ಪ ಹೊತ್ತು ಇರಲಿ ಎಂದು ಕೈ ಅಡ್ಡ ಹಿಡಿದರು. ಫೋಟೋದಲ್ಲಿ ತೆಳ್ಳಗಿನ ಹುಡುಗಿ, ಬಾಯಿ ಬಿಗಿಹಿಡಿದು ಕೂತಿದ್ದಳು. “ಈಗ ದಪ್ಪ ಆಗಿದಾಳೆ, ನಗ್ತಾನೂ ಇರ್ತಾಳೆ” ಅಂದರು ತಾಯಿ. ಆಮೇಲೆ ತಲೆಯಾಡಿಸಿದರು. ನಾನು ಅಳಿಸಿದೆ. ಖಾತೆಯ ಕಸದ ಬುಟ್ಟಿಯಿಂದಲೂ ಅಳಿಸಿದೆ.

“ಹೋಯ್ತಾ?”

“ಇಲ್ಲಿಂದ ಹೋಯ್ತು.”

“ಬೇರೆ ಎಲ್ಲೂ ಇಲ್ಲ ತಾನೇ?”

ಇಂಥ ಪ್ರಶ್ನೆಗೆ ನನ್ನ ಹತ್ತಿರ ಎರಡೇ ಉತ್ತರ ಇದ್ದವು, ಯಾವಾಗಲೂ. ಅಯ್ಯೋ ಏನೂ ಆಗಲ್ಲ ಬಿಡಿ ಅನ್ನುವುದು, ಇಲ್ಲವೇ ಆಗಬಹುದಾದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಅವರನ್ನೂ ನನ್ನ ಜತೆ ನಿದ್ದೆಗೆಡಿಸುವುದು. ಅವರ ಮುಖ ನೋಡಿಕೊಂಡೇ, “ಬೇರೆ ಕಡೆ ಇದೆಯೋ ಇಲ್ವೋ ನಂಗೆ ಗೊತ್ತಿಲ್ಲಮ್ಮ. ಒಂದು ಕಾಲದಲ್ಲಿ ಬಾಗಿಲು ತೆರೆದಿತ್ತು” ಅಂದೆ. ಹೆದರಿಕೆ ಹೋಗಿರಲಿಲ್ಲ. ಆದರೆ ಮಾತು ಪೂರ್ತಿ ಬಂತು, ನೀರು ಬೇಕಾಗಲಿಲ್ಲ.

ಆಕೆ ಬುರ್ಖಾ ಸರಿ ಮಾಡಿಕೊಂಡು ಎದ್ದರು.

“ಹೊರಗೆ ಇನ್ನೂ ಇಬ್ಬರು ಕೂತಿದಾರೆ. ಕಳಿಸ್ಲಾ?”

“ಕಳಿಸಿ” ಅಂದೆ.